ನಾಲ್ಕು ಜನ ಹೊತ್ತು ತಂದ ಹಾಗೆ

ನಂಬಿಕೆ ಇತ್ತು ಅಂತ ನಾನು ಚರ್ಚಿಗೆ ವಾಪಸ್ ಹೋಗಲಿಲ್ಲ. ತಮ್ಮ ತೀರಿಕೊಂಡು ಐದು ತಿಂಗಳಾಗಿತ್ತು. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕೂತಿರೋದಕ್ಕೆ ಆಗುತ್ತಿರಲಿಲ್ಲ. ಅಷ್ಟೇ ಕಾರಣ. ಚಿಕ್ಕವನಿದ್ದಾಗ ಸಂಡೇ ಸ್ಕೂಲಿಗೆ ಹೋದವನು ನಾನು. ವಾಕ್ಯ ಬಾಯಿಪಾಠ ಒಪ್ಪಿಸಿ ಬಹುಮಾನ ತಗೊಂಡವನು. ಓದು, ಕೆಲಸ ಅಂತ ಶುರುವಾದ ಮೇಲೆ ಎಲ್ಲ ತಾನಾಗಿ ಬಿಟ್ಟುಹೋಯಿತು. ಯಾರ ಜೊತೆಗೂ ಜಗಳ ಆಗಿರಲಿಲ್ಲ. ಒಂದು ಭಾನುವಾರ ತಪ್ಪಿಸಿದೆ, ಇನ್ನೊಂದು ಭಾನುವಾರ ತಪ್ಪಿಸಿದೆ, ನೋಡನೋಡುತ್ತಾ ಹನ್ನೆರಡು ವರ್ಷ ಕಳೆದಿತ್ತು.

ವಾಪಸ್ ಹೋಗಿ ಈಗ ಒಂಬತ್ತು ವರ್ಷ. ನಂಬಿಕೆ ಯಾವಾಗ ಬಂತು ಅಂತ ಕೆಲವರು ಕೇಳುತ್ತಾರೆ. ಸಾಕ್ಷಿ ಹೇಳುವಾಗ, ಅಂದರೆ ತಮಗೆ ನಂಬಿಕೆ ಬಂದ ಕಥೆಯನ್ನು ಎಲ್ಲರ ಮುಂದೆ ಹೇಳುವಾಗ, ದಿನ, ಗಂಟೆ ಸಮೇತ ಹೇಳುವವರಿದ್ದಾರೆ. ಅವರ ಮಾತನ್ನು ನಾನು ನಂಬುತ್ತೇನೆ. ನನಗೆ ಮಾತ್ರ ಅಂಥ ಒಂದು ದಿನ ಇಲ್ಲ. ನನ್ನದು ನಿಧಾನವಾಗಿ, ಬೇರೆಯವರ ಕೈಯಿಂದ ಬಂದ ನಂಬಿಕೆ. ಅದು ಹೇಗೆ ಬಂತು, ನಾನೇನು ಮಾಡಿದೆ, ಎಲ್ಲಿ ಎಡವಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಾಗಿಲ ತನಕ ಬಂದು ಒಳಗೆ ಹೋಗಲೋ ಬೇಡವೋ ಅಂತ ನಿಂತಿರುವ ಒಬ್ಬರಿಗಾದರೂ ಉಪಯೋಗ ಆಗಲಿ ಅಂತ.

ಮೊದಲ ದಿನ ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ ಕೂತೆ. ಹಾಡು ಶುರುವಾಯಿತು. ರಾಗ ಗೊತ್ತಿತ್ತು, ಬಾಯಿ ಬರಲಿಲ್ಲ. ಆಮೇಲೆ ಎಲ್ಲರೂ ಎದ್ದು, ಯೇಸು ತನ್ನ ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆ ಹೇಳಿದರು. ನಾನೂ ಶುರು ಮಾಡಿದೆ. 'ನಿನ್ನ ಚಿತ್ತವು ನೆರವೇರಲಿ' ಅನ್ನುವ ಕಡೆ ಬಂದಾಗ ಗಂಟಲು ಕಟ್ಟಿತು. ಇಪ್ಪತ್ತೆಂಟು ವರ್ಷದ ಹುಡುಗ ಆಸ್ಪತ್ರೆಯಲ್ಲಿ ಹೋದದ್ದನ್ನು ನೋಡಿ ಬಂದವನು ನಾನು. ಆ ಮಾತು ನನ್ನ ಬಾಯಿಂದ ಬರುವ ಹಾಗಿರಲಿಲ್ಲ. ಸುಮ್ಮನೆ ನಿಂತೆ. ಸುತ್ತಲಿನವರು ಮುಂದೆ ಹೇಳಿಕೊಂಡು ಹೋದರು. ಆಶೀರ್ವಾದಕ್ಕೆ ಮುಂಚೆಯೇ ಎದ್ದು ಹೊರಗೆ ಬಂದುಬಿಟ್ಟೆ.

ಏಳು ಭಾನುವಾರ ಹೀಗೇ ಆಯಿತು. ಎಂಟನೇ ಭಾನುವಾರ ಎದ್ದೇಳುವಷ್ಟರಲ್ಲಿ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಕೈ ಹಿಡಿದರು. ಅವರದು ಗಟ್ಟಿ ಧ್ವನಿ. ಪ್ರಾರ್ಥನೆ ಹೇಳುವಾಗ ಬೆಂಚಿಗೆಲ್ಲ ಕೇಳಿಸುತ್ತಿತ್ತು.

"ಕೂತ್ಕೋ ಮಗಾ. ಎಲ್ಲಿಗೆ ಓಡ್ತೀಯಾ? ಹೆಸರೇನು ನಿಂದು?"

ಹೆಸರು ಹೇಳಿದೆ. ಯಾಕೋ ಗೊತ್ತಿಲ್ಲ, ಉಳಿದದ್ದನ್ನೂ ಹೇಳಿಬಿಟ್ಟೆ. "ತಮ್ಮ ಹೋಗ್ಬಿಟ್ಟ ಅಜ್ಜಿ. ನನಗೆ ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ."

ಅಷ್ಟು ತಿಂಗಳಲ್ಲಿ ತುಂಬಾ ಜನ ನನಗೆ ಸಮಾಧಾನ ಹೇಳಿದ್ದರು. ಒಳ್ಳೆಯವರನ್ನು ದೇವರು ಬೇಗ ಕರ್ಕೋತಾನೆ, ಎಲ್ಲದಕ್ಕೂ ಒಂದು ಕಾರಣ ಇರುತ್ತೆ, ಹೀಗೆ. ಅಜ್ಜಿ ಅಂಥದ್ದೇನೂ ಹೇಳಲಿಲ್ಲ. "ತಮ್ಮನ ಹೆಸರೇನು?" ಅಂತ ಕೇಳಿದರು. ಹೇಳಿದೆ. ಆ ಹೆಸರನ್ನು ಎರಡು ಸಲ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ಆಮೇಲೆ, "ಸರಿ. ನಿನ್ನ ಪಾಲಿನ ಪ್ರಾರ್ಥನೆ ನಾನು ಮಾಡ್ತೀನಿ. ನಿನಗೆ ಆದಾಗ ನೀನು ಮಾಡು. ಅಲ್ಲೀತನಕ ಬಂದು ಪಕ್ಕದಲ್ಲಿ ಕೂತ್ಕೋ, ಸಾಕು" ಅಂದರು.

ಮನೆಗೆ ಬಂದು ಹಳೇ ಬೈಬಲ್ ತೆಗೆದೆ. ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ. ಕಪೆರ್ನೌಮಿನ ಒಂದು ಮನೆಯಲ್ಲಿ ಯೇಸು ಇದ್ದಾನೆ. ಜನ ತುಂಬಿ ಬಾಗಿಲಲ್ಲೂ ಜಾಗ ಇಲ್ಲ. ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ. ಒಳಗೆ ಹೋಗಲಾಗದೆ ಮೇಲೆ ಹತ್ತಿ, ಚಾವಣಿ ಬಿಚ್ಚಿ, ಹಾಸಿಗೆ ಸಮೇತ ಅವನನ್ನು ಕೆಳಗೆ ಇಳಿಸುತ್ತಾರೆ. ಈ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಚಿತ್ರ ಬರೆದು ಬಣ್ಣ ಹಚ್ಚಿದ್ದೆ. ಆದರೆ ಐದನೇ ವಚನದ ಒಂದು ಮಾತು ಕಣ್ಣಿಗೆ ಬಿದ್ದದ್ದು ಅವತ್ತೇ. ಯೇಸು 'ಅವರ ನಂಬಿಕೆಯನ್ನು ನೋಡಿ' ಆ ರೋಗಿಯ ಜೊತೆ ಮಾತಾಡುತ್ತಾನೆ. ಅವನ ನಂಬಿಕೆ ಅಂತ ಇಲ್ಲ, ಅವರ ನಂಬಿಕೆ ಅಂತ ಇದೆ. ಹಾಸಿಗೆ ಮೇಲೆ ಮಲಗಿದ್ದವನು ಅಷ್ಟೊತ್ತಿಗೆ ಏನು ನಂಬಿದ್ದನೋ ಏನೋ, ಮಾರ್ಕ ಹೇಳುವುದಿಲ್ಲ. ಹೊತ್ತು ತಂದವರಲ್ಲಿ ನಂಬಿಕೆ ಇತ್ತು. ಅವತ್ತಿಗೆ ಅಷ್ಟು ಸಾಕಾಯಿತು.

ಹಾಗಾದರೆ ನಾನೂ ಹೋಗಿ ಕೂತುಕೊಳ್ಳಬಹುದು ಅಂತ ಅನ್ನಿಸಿತು.

ಆಮೇಲೆ ಕರ್ತನ ಪ್ರಾರ್ಥನೆಯನ್ನೂ ಬೇರೆ ಥರ ಕೇಳಿಸಿಕೊಳ್ಳೋಕೆ ಶುರು ಮಾಡಿದೆ. ಇಡೀ ಪ್ರಾರ್ಥನೆಯಲ್ಲಿ 'ನನ್ನ' ಅನ್ನುವ ಮಾತೇ ಇಲ್ಲ, ನೋಡಿ. ನಮ್ಮ ತಂದೆಯೇ, ನಮ್ಮ ಅನುದಿನದ ಆಹಾರ, ನಮ್ಮ ತಪ್ಪುಗಳನ್ನು ಕ್ಷಮಿಸು. ಒಬ್ಬನೇ ಕೋಣೆಯಲ್ಲಿ ಕೂತು ಹೇಳಿದರೂ 'ನಮ್ಮ' ಅಂತಲೇ ಹೇಳಬೇಕು. ನನ್ನ ಗಂಟಲು ಕಟ್ಟಿದ ಸಾಲನ್ನು ಪಕ್ಕದವರು ಹೇಳುತ್ತಿದ್ದರೆ, ಅದು ನನ್ನನ್ನೂ ಸೇರಿಸಿಕೊಂಡು ಹೇಳಿದ ಹಾಗೇ.

ಮಧ್ಯೆ ಎರಡು ತಿಂಗಳು ಬೇರೆ ಚರ್ಚುಗಳಿಗೂ ಹೋಗಿ ನೋಡಿದೆ. ಒಂದು ಕಡೆ ಸಂಗೀತ ತುಂಬಾ ಚೆನ್ನಾಗಿತ್ತು. ಇನ್ನೊಂದು ಕಡೆ ಪ್ರಸಂಗ ಕೇಳಿದರೆ ಟಿಪ್ಪಣಿ ಬರೆದುಕೊಳ್ಳಬೇಕು ಅನ್ನಿಸುತ್ತಿತ್ತು. ಎರಡೂ ಕಡೆ ನಾನು ಬಂದದ್ದು, ಬಾರದಿದ್ದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಪ್ಪು ಅವರದಲ್ಲ, ಬಂದ ಕೂಡಲೇ ಹೊರಡುತ್ತಿದ್ದವನು ನಾನೇ. ಅಜ್ಜಿ ಇದ್ದ ಚರ್ಚಿಗೇ ವಾಪಸ್ ಬಂದೆ. "ಎರಡು ತಿಂಗಳು ಎಲ್ಲಿದ್ದೆ?" ಅಂತ ಅವರು ಕೇಳಿದಾಗ ನನಗೆ ಆದ ಸಂತೋಷವನ್ನು ಹೇಳಿದರೆ ನಂಬುವುದು ಕಷ್ಟ.

ಅವತ್ತು ಒಂದು ತೀರ್ಮಾನ ಮಾಡಿದೆ. ಆರು ತಿಂಗಳು ಇದೇ ಚರ್ಚು, ಎಲ್ಲೂ ಹೋಗುವುದಿಲ್ಲ. ಕಾಲು ಗಂಟೆ ಮುಂಚೆ ಬರುತ್ತೇನೆ, ಮುಗಿದ ಮೇಲೆ ಕಾಲು ಗಂಟೆ ಇರುತ್ತೇನೆ. ಅನ್ಯೋನ್ಯತೆ ಬೆಳೆಯುವುದು ಆರಾಧನೆಯ ಆ ಒಂದೂವರೆ ಗಂಟೆಯಲ್ಲಿ ಅಲ್ಲ. ಅದಕ್ಕೆ ಮುಂಚಿನ, ಅದಾದ ಮೇಲಿನ ಕಾಲು ಗಂಟೆಯಲ್ಲಿ. ಚರ್ಚಿಗೆ ವರ್ಷಗಟ್ಟಲೆ ಹೋಗಿಯೂ ಯಾರೂ ಪರಿಚಯ ಆಗಲಿಲ್ಲ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹಾಗಂತ ಸಿಕ್ಕ ಸಭೆಯಲ್ಲಿ, ಅಂದರೆ ಸಿಕ್ಕ ಚರ್ಚಿನಲ್ಲಿ, ಕಣ್ಣು ಮುಚ್ಚಿ ಕೂತುಬಿಡಿ ಅಂತ ಹೇಳುತ್ತಿಲ್ಲ. ಆ ಆರು ತಿಂಗಳಲ್ಲಿ ನಾನೂ ಕೆಲವನ್ನು ಗಮನಿಸಿದೆ. ಕಾಣಿಕೆ ಹಣದ ಲೆಕ್ಕವನ್ನು ಸದಸ್ಯರ ಮುಂದೆ ಓದುತ್ತಾರಾ? ಪಾಸ್ಟರ್ ಯಾರಿಗಾದರೂ ಉತ್ತರ ಹೇಳಬೇಕಾಗುತ್ತಾ, ಅಥವಾ ಅವರ ಮಾತೇ ಕೊನೆಯಾ? ಪ್ರಶ್ನೆ ಕೇಳಿದವರನ್ನು ಹೇಗೆ ನೋಡುತ್ತಾರೆ? ಮಕ್ಕಳ ಜೊತೆ ದೊಡ್ಡವರು ಒಬ್ಬರೇ ಇರದ ಹಾಗೆ ವ್ಯವಸ್ಥೆ ಇದೆಯಾ? ಸಭೆ ಬಿಟ್ಟು ಹೋದವರ ಬಗ್ಗೆ ಹೇಗೆ ಮಾತಾಡುತ್ತಾರೆ? ಈ ಕೊನೆಯದರಿಂದ ತುಂಬಾ ಗೊತ್ತಾಗುತ್ತದೆ. ಬಿಟ್ಟು ಹೋದವರನ್ನೆಲ್ಲ ಶತ್ರು ಅನ್ನುವ ಕಡೆ ನಾನಂತೂ ಉಳಿಯುತ್ತಿರಲಿಲ್ಲ. ಇಲ್ಲಿ ಹೋದವರ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದರು.

ಮುಂಚೆ ಬಂದವನಿಗೆ ಕೆಲಸ ಸಿಕ್ಕೇ ಸಿಗುತ್ತದೆ. ನನಗೆ ಸಿಕ್ಕಿದ್ದು ಕುರ್ಚಿ ಹಾಕುವ ಕೆಲಸ. ಬೆಂಚು ಸಾಲದೆ ಹಿಂದೆ ನಲವತ್ತು ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದರು. ಹತ್ತತ್ತರ ನಾಲ್ಕು ಅಟ್ಟಿ. ಒಂದರೊಳಗೊಂದು ಸಿಕ್ಕಿಕೊಂಡು ಬರುತ್ತಿರಲಿಲ್ಲ. ಕೆಳಗಿನದನ್ನು ಕಾಲಲ್ಲಿ ಅದುಮಿ ಮೇಲಿನದನ್ನು ಸ್ವಲ್ಪ ಓರೆ ಮಾಡಿ ಎಳೆಯಬೇಕು. ನನ್ನ ಜೊತೆ ಆ ಕೆಲಸ ಮಾಡುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಮಾತು ಕಡಿಮೆ. ಸೀಳು ಬಿಟ್ಟ ಕುರ್ಚಿಯನ್ನು ತೂತು ಹಾಕಿ ತಂತಿಯಿಂದ ಹೊಲಿದಿದ್ದರು. ಅದನ್ನು ಯಾವಾಗಲೂ ಗೋಡೆ ಬದಿಗೆ ಹಾಕಿ ತಾವೇ ಅದರಲ್ಲಿ ಕೂರುತ್ತಿದ್ದರು. ಬೇರೆ ಯಾರಿಗೂ ಚುಚ್ಚಬಾರದು ಅಂತ. ಮೂರು ವಾರ ಜೊತೆಯಲ್ಲಿ ಕೆಲಸ ಮಾಡಿದ ಮೇಲೆ ನನಗೆ ಇದು ಗೊತ್ತಾದದ್ದು.

ಕುರ್ಚಿ ಹಾಕುತ್ತಾ ಹಾಕುತ್ತಾ ಜನ ಗೊತ್ತಾದರು. ಯಾರಿಗೆ ಮಂಡಿ ನೋವು, ಯಾರಿಗೆ ಫ್ಯಾನ್ ಕೆಳಗೆ ಆಗುವುದಿಲ್ಲ, ಯಾವ ತಾಯಿಗೆ ಮಗು ಅತ್ತರೆ ಎದ್ದುಹೋಗೋಕೆ ಬಾಗಿಲ ಪಕ್ಕ ಬೇಕು. ಯಾರ ಕುರ್ಚಿ ಎರಡು ವಾರದಿಂದ ಖಾಲಿ. ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದ ಕ್ರೈಸ್ತರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ನಾನು ಯಾವಾಗಲೂ ಹಾರಿಸಿ ಓದುತ್ತಿದ್ದೆ, ಬರೀ ಹೆಸರುಗಳು ಅಂತ. ಇಪ್ಪತ್ತಕ್ಕೂ ಜಾಸ್ತಿ ಜನರನ್ನು ಅವನು ಹೆಸರು ಹಿಡಿದು ವಂದಿಸುತ್ತಾನೆ. ಗಂಡಸರು, ಹೆಂಗಸರು, ತಮ್ಮ ಮನೆಯಲ್ಲಿ ಸಭೆ ಕೂಡಿಸುತ್ತಿದ್ದ ಪ್ರಿಸ್ಕ, ಅಕ್ವಿಲ ಅನ್ನುವ ಗಂಡ ಹೆಂಡತಿ. ರೂಫ ಅನ್ನುವವನ ತಾಯಿಯನ್ನು ನೆನೆದು, ಆಕೆ ನನಗೂ ತಾಯಿ ಅನ್ನುತ್ತಾನೆ. ಈಗ ಅದು ನನಗೆ ತುಂಬಾ ಇಷ್ಟದ ಅಧ್ಯಾಯ. ಅಷ್ಟು ದೊಡ್ಡ ವಿಷಯಗಳನ್ನು ಬರೆದವನು ಕೊನೆಗೆ ಕೂತು ಒಬ್ಬೊಬ್ಬರ ಹೆಸರು ಬರೆಸಿದ್ದಾನೆ. ನನಗೆ ಅಜ್ಜಿ ಇದ್ದ ಹಾಗೆ ಅವನಿಗೆ ಯಾರಿದ್ದರು ಅಂತ ನನಗೆ ಗೊತ್ತಾಯಿತು.

ಇನ್ನೊಂದು ಹೆಜ್ಜೆ, ಗುರುವಾರದ ಮನೆಕೂಟ, ಚರ್ಚಿನ ಕೆಲವರು ಮನೆಯಲ್ಲಿ ಸೇರುವ ಸಣ್ಣ ಕೂಟ. ಇದಕ್ಕೆ ನಾನು ತುಂಬಾ ಹಿಂದೆ ಮುಂದೆ ನೋಡಿದೆ. ದೊಡ್ಡ ಗುಂಪಿನಲ್ಲಿ ಅಡಗಿ ಕೂರಬಹುದು. ಒಂಬತ್ತು ಜನರ ಕೋಣೆಯಲ್ಲಿ ಅಡಗಲಾಗುವುದಿಲ್ಲ. ಮೊದಲ ನಾಲ್ಕು ವಾರ ಬಾಯಿ ಬಿಡಲಿಲ್ಲ. ಯಾರೂ ಬಲವಂತ ಮಾಡಲೂ ಇಲ್ಲ. ನಡೆಸುವ ರೀತಿ ಸರಳ. ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಗಟ್ಟಿಯಾಗಿ ಓದುವುದು. ಆಮೇಲೆ ಪ್ರತಿಯೊಬ್ಬರೂ ಈ ವಾರ ಹೇಗಿತ್ತು ಅಂತ ಹೇಳುವುದು. ಕೇಳದೆ ಯಾರೂ ಬುದ್ಧಿ ಹೇಳಬಾರದು. ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು. ಕೊನೆಗೆ ಪ್ರಾರ್ಥನೆ.

ಇಂಥ ಸಣ್ಣ ಕೂಟಗಳ ಹಿಂದೆ ಒಂದು ಒಳ್ಳೇ ಕಥೆ ಇದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ, ಮೆಥಡಿಸ್ಟ್ ಚಳವಳಿಯ ಬೋಧಕ ಜಾನ್ ವೆಸ್ಲಿಯ ಜನರಿಗೆ ಒಂದು ಸಾಲ ತೀರಿಸಬೇಕಾಗಿತ್ತು, ಕೂಟ ಸೇರುವ ಮನೆ ಕಟ್ಟಿದ ಸಾಲ. ಸುಮಾರು ಹನ್ನೆರಡು ಜನರ ಗುಂಪು ಮಾಡಿ, ಒಬ್ಬೊಬ್ಬರು ವಾರಕ್ಕೆ ಒಂದು ಪೆನ್ನಿ ಕೊಡುವುದು, ಅದನ್ನು ಗುಂಪಿನ ಮುಖಂಡ ಹೋಗಿ ತರುವುದು ಅಂತ ಆಯಿತು. ಹಣ ತರೋಕೆ ಮನೆಮನೆಗೆ ಹೋದವರಿಗೆ ಜನರ ಬದುಕು ಕಾಣಿಸಿತು. ಕಾಯಿಲೆ, ಕುಡಿತ, ಜಗಳ, ದುಃಖ. ಪೆನ್ನಿಗೆ ಅಂತ ಶುರುವಾದದ್ದು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಕೂಟವಾಗಿ ಬೆಳೆಯಿತು. ನನಗೆ ಇದು ಅರ್ಥವಾಗುತ್ತದೆ. ನನ್ನ ಕುರ್ಚಿಯದ್ದೂ ಅದೇ ಕಥೆ ಅಲ್ವಾ.

ಐದನೇ ವಾರ ಕೀರ್ತನೆ ಓದುವ ಸರದಿ ನನಗೆ ಬಂತು. ಅವತ್ತಿನದು 88ನೇ ಕೀರ್ತನೆ. ನೂರೈವತ್ತು ಕೀರ್ತನೆಗಳಲ್ಲಿ ಅಳುವ, ದೂರುವ ಕೀರ್ತನೆಗಳು ಎಷ್ಟೊಂದಿವೆ. ಸಾಮಾನ್ಯವಾಗಿ ಅವು ಅಳುತ್ತಾ ಶುರುವಾಗಿ, ಕೊನೆಯ ಹೊತ್ತಿಗೆ ದೇವರಲ್ಲಿ ಭರವಸೆ ಇಟ್ಟು ಮುಗಿಯುತ್ತವೆ. 13ನೇ ಕೀರ್ತನೆ ನಾಲ್ಕು ಸಲ 'ಎಷ್ಟರ ತನಕ' ಅಂತ ಕೇಳುತ್ತದೆ, ಕೊನೆಗೆ ಹಾಡುತ್ತದೆ. 88 ಹಾಗಲ್ಲ. ನೀನು ನನ್ನ ಆಪ್ತರನ್ನು ದೂರ ಮಾಡಿದ್ದೀ ಅಂತ ದೇವರಿಗೇ ಹೇಳಿ, ಕತ್ತಲೆಯಲ್ಲಿ ಮುಗಿದುಬಿಡುತ್ತದೆ. ಓದಿ ಮುಗಿಸಿದೆ. ಯಾರೂ ಮಾತಾಡಲಿಲ್ಲ. ಯಾರೂ ಅದಕ್ಕೆ ಒಂದು ಒಳ್ಳೇ ಕೊನೆ ಜೋಡಿಸಲಿಲ್ಲ. ಆ ಮೌನದಲ್ಲಿ ನಾನು ತಮ್ಮನ ಬಗ್ಗೆ ಹೇಳಿದೆ. ಆಸ್ಪತ್ರೆಯ ಕೊನೆಯ ರಾತ್ರಿ, ಅವನು ಕೇಳಿದ ಮಾತು, ನಾನು ಕೊಡದ ಉತ್ತರ, ಎಲ್ಲ. ಅರ್ಧ ಗಂಟೆ ಆಗಿರಬಹುದು. ಮುಗಿದಾಗ ಮೇಷ್ಟ್ರು ಎದ್ದು ಬಂದು ಪಕ್ಕದಲ್ಲಿ ಕೂತರು. ಅಷ್ಟೇ ಮಾಡಿದರು.

ಇಷ್ಟು ಕೋಪವನ್ನು ದೇವರ ಮುಂದೆ ಹೇಳಬಹುದು, ಅದೂ ಬೈಬಲಿನ ಮಾತಲ್ಲೇ ಹೇಳಬಹುದು ಅಂತ ನನಗೆ ಗೊತ್ತಿರಲಿಲ್ಲ. ದೂರುವುದಕ್ಕೂ ಎದುರಿಗೆ ಒಬ್ಬರು ಬೇಕಲ್ಲ. ನಾನು ಯಾರಿಗೆ ದೂರುತ್ತಿದ್ದೆನೋ ಅವನು ಕೇಳಿಸಿಕೊಳ್ಳುತ್ತಿದ್ದಾನೆ ಅನ್ನುವ ಭಾವನೆ ಅವತ್ತು ಮೊದಲ ಸಲ ಬಂತು.

ಯೇಸುವಿನ ಶಿಷ್ಯ ತೋಮನ ಕಥೆಯನ್ನೂ ಇದೇ ಕೂಟದಲ್ಲಿ ಓದಿದೆವು. ಯೇಸು ಸತ್ತವರೊಳಗಿಂದ ಎದ್ದು ಶಿಷ್ಯರಿಗೆ ಕಾಣಿಸಿದ ದಿನ ಸಾಯಂಕಾಲ ತೋಮ ಅಲ್ಲಿರಲಿಲ್ಲ. ಕಂಡೆವು ಅಂತ ಬೇರೆಯವರು ಹೇಳಿದರೆ, ಗಾಯದಲ್ಲಿ ಬೆರಳು ಇಡದ ಹೊರತು ನಂಬುವುದೇ ಇಲ್ಲ ಅಂದ. ಎಂಟು ದಿನದ ಮೇಲೆ ಮತ್ತೆ ಎಲ್ಲರೂ ಮನೆಯೊಳಗೆ ಇದ್ದಾಗ ತೋಮನೂ ಅವರ ಜೊತೆ ಇದ್ದ ಅಂತ ಯೋಹಾನ ಬರೆಯುತ್ತಾನೆ. ನಂಬದವನು ಆ ಎಂಟು ದಿನ ಅವರನ್ನು ಬಿಟ್ಟು ಹೋಗಲಿಲ್ಲ. ಅವರೂ ಅವನನ್ನು ಹೊರಗೆ ಹಾಕಲಿಲ್ಲ. ಬಾಗಿಲು ಹಾಕಿದ ಆ ಮನೆಯೊಳಗೆ ಅವನು ಇದ್ದದ್ದರಿಂದ ತಾನೇ ಯೇಸು ಬಂದಾಗ ಕಂಡದ್ದು. ನನ್ನ 'ಎಂಟು ದಿನ' ಸುಮಾರು ಒಂದೂವರೆ ವರ್ಷ ನಡೆಯಿತು.

ಆ ಒಂದೂವರೆ ವರ್ಷದ ಕೊನೆಗೆ ಏನಾಯಿತು ಅಂದರೆ, ಬೆಳಕೇನೂ ಇಳಿಯಲಿಲ್ಲ. ಒಂದು ಭಾನುವಾರ ಚರ್ಚಿನಿಂದ ಮನೆಗೆ ನಡೆದು ಬರುತ್ತಿದ್ದೆ. ಅರ್ಧ ದಾರಿಯಲ್ಲಿ ಕಾಲು ತಾನಾಗಿ ನಿಂತಿತು. ಅವತ್ತು ಕರ್ತನ ಪ್ರಾರ್ಥನೆಯನ್ನು ಪೂರ್ತಿ ಹೇಳಿದ್ದೆ. ಆ ಸಾಲನ್ನೂ ಹೇಳಿದ್ದೆ. ಗಂಟಲು ಕಟ್ಟಿರಲಿಲ್ಲ. ಹೇಳುವಾಗ ಗೊತ್ತೇ ಆಗಿರಲಿಲ್ಲ. ತಮ್ಮ ಯಾಕೆ ಹೋದ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಆದರೆ ಆ ಪ್ರಶ್ನೆ ಹಿಡಿದುಕೊಂಡೇ ದೇವರನ್ನು ತಂದೆ ಅನ್ನೋಕೆ ಆಗುತ್ತಿತ್ತು. ರಸ್ತೆ ಬದಿಯಲ್ಲಿ ನಿಂತು ಅತ್ತೆ.

ಮುಂದಿನ ವಾರ ಅಜ್ಜಿಗೆ ಹೇಳಿದೆ. "ಗೊತ್ತಾಯ್ತು ಮಗಾ. ನಿನ್ನ ಧ್ವನಿ ಕೇಳಿಸ್ತು" ಅಂದರು.

ಕೆಲವು ತಿಂಗಳಾದ ಮೇಲೆ ಸಭೆಯ ಮುಂದೆ ನಿಂತು ಸದಸ್ಯನಾದೆ. ಅವತ್ತು ಎಲ್ಲರೂ ವಿಶ್ವಾಸ ಪ್ರಮಾಣ, ಅಂದರೆ ಕ್ರೈಸ್ತರು ಏನನ್ನು ನಂಬುತ್ತಾರೆ ಅನ್ನುವ ಮಾತುಗಳನ್ನು, ಹೇಳಿದರು. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳು ಒಪ್ಪಿದ ಗ್ರೀಕ್ ಪ್ರಮಾಣ 'ನಂಬುತ್ತೇವೆ' ಅಂತಲೇ ಶುರುವಾಗುತ್ತದೆ, 'ನಂಬುತ್ತೇನೆ' ಅಂತ ಅಲ್ಲ. ಪಾಸ್ಟರ್ ಇದನ್ನು ಮೊದಲೇ ನನಗೆ ಹೇಳಿದ್ದರು. "ಬ್ರದರ್, ಒಂದೊಂದು ದಿನ ಒಂದೊಂದು ಸಾಲು ನಿಮಗೆ ಭಾರ ಅನ್ನಿಸಬಹುದು. ಅವತ್ತು ಆ ಸಾಲನ್ನು ಉಳಿದವರು ಹೊರ್ತಾರೆ. ಅವರಿಗೆ ಭಾರ ಆದ ದಿನ ನೀವು ಹೊರಬೇಕು."

ಹೊರುವುದು ಸುಲಭ, ಹೊರಿಸಿಕೊಳ್ಳುವುದು ಕಷ್ಟ. ಇದು ನನಗೆ ಗೊತ್ತಾದದ್ದು ಕೆಲಸ ಹೋದಾಗ. ನಾಲ್ಕು ತಿಂಗಳು ಸಂಬಳ ಇರಲಿಲ್ಲ. ಮನೆಕೂಟದಲ್ಲಿ 'ಸ್ವಲ್ಪ ತೊಂದರೆ ಇದೆ' ಅಂತ ಮಾತ್ರ ಹೇಳಿದ್ದೆ. ಎರಡು ದಿನ ಬಿಟ್ಟು ಸಭೆಯ ಖಜಾಂಚಿ ಮನೆಗೆ ಬಂದು ಒಂದು ಲಕೋಟೆ ಕೊಟ್ಟರು. ಮೇಲೆ ಹೆಸರಿಲ್ಲ. ನಾನು ಬೇಡ ಅಂದೆ. ಅವರು, "ನೀವೂ ಕಾಣಿಕೆ ಹಾಕಿದ್ದೀರಲ್ಲ, ಅದು ಯಾರಿಗೆ ಹೋಯ್ತು ಅಂತ ಕೇಳಿದ್ರಾ? ಇದನ್ನೂ ಕೇಳಬೇಡಿ" ಅಂದರು.

ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಅನ್ಯೋನ್ಯತೆಗೆ ಇರುವ ಗ್ರೀಕ್ ಮಾತು ಕೊಯಿನೋನಿಯ. ಪಾಲುಗಾರಿಕೆ ಅಂದರೂ ಸರಿ. ಲೂಕನು ತನ್ನ ಸುವಾರ್ತೆಯಲ್ಲಿ ಬೆಸ್ತರಾದ ಯಾಕೋಬ ಯೋಹಾನರನ್ನು ಸೀಮೋನನ ಪಾಲುಗಾರರು ಅನ್ನುತ್ತಾನಲ್ಲ, ಬಲೆಗೆ ವಿಪರೀತ ಮೀನು ಬಿದ್ದ ದಿನ, ಅಲ್ಲಿ ಇರುವುದು ಇದೇ ಮೂಲದ ಮಾತು. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣಕ್ಕೂ ಪೌಲ ಇದೇ ಮಾತು ಬಳಸುತ್ತಾನೆ. ಆರಾಧನೆ ಮುಗಿದ ಮೇಲೆ ಕೈ ಕುಲುಕಿ ನಗುವುದಷ್ಟೇ ಅನ್ಯೋನ್ಯತೆ ಅಂತ ನಾನು ಅಂದುಕೊಂಡಿದ್ದೆ. ಅದು ಒಂದೇ ದೋಣಿ, ಒಂದೇ ಬಲೆ, ಒಂದೇ ನಷ್ಟದ ಮಾತು. 155ರ ಸುಮಾರಿಗೆ ರೋಮಿನಲ್ಲಿ ಜಸ್ಟಿನ್ ಅನ್ನುವವನು ಕ್ರೈಸ್ತರು ಭಾನುವಾರ ಏನು ಮಾಡುತ್ತಾರೆ ಅಂತ ಚಕ್ರವರ್ತಿಗೆ ವಿವರಿಸಿ ಬರೆದಿದ್ದಾನೆ. ಓದುತ್ತಾರೆ, ಬೋಧನೆ ಕೇಳುತ್ತಾರೆ, ಎದ್ದು ನಿಂತು ಪ್ರಾರ್ಥಿಸುತ್ತಾರೆ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುತ್ತಾರೆ, ಬರಲಾಗದವರಿಗೆ ಸಭಾಸೇವಕರು ತಗೊಂಡು ಹೋಗಿ ಕೊಡುತ್ತಾರೆ. ಉಳ್ಳವರು ಕೊಟ್ಟದ್ದರಿಂದ ಅನಾಥರು, ವಿಧವೆಯರು, ಕಾಯಿಲೆಯವರು, ಸೆರೆಯಲ್ಲಿರುವವರು, ಪರಸ್ಥಳದವರನ್ನು ನೋಡಿಕೊಳ್ಳುತ್ತಾರೆ. ಹತ್ತೊಂಬತ್ತು ಶತಮಾನದ ಹಿಂದಿನ ಆ ಪಟ್ಟಿಯಲ್ಲಿ ನನ್ನ ಲಕೋಟೆಯೂ ಇತ್ತು. ತಗೊಂಡೆ.

ಈಗ ಕಹಿ ಭಾಗ. ಇದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ಮನೆಕೂಟದಲ್ಲಿ ನಾನು ತಮ್ಮನ ಬಗ್ಗೆ ಹೇಳಿದ್ದ ಒಂದು ವಿಷಯ ಹೊರಗೆ ಹೋಯಿತು. ಒಂದು ಮದುವೆಯಲ್ಲಿ ಪರಿಚಯ ಇಲ್ಲದವರೊಬ್ಬರು ಅದನ್ನು ನನ್ನ ಮುಂದೆಯೇ ಕನಿಕರದಿಂದ ಎತ್ತಿದರು. ಕೂಟದಲ್ಲಿದ್ದ ಒಬ್ಬರಿಂದಲೇ ಹೋಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಏಳು ವಾರ ಚರ್ಚಿಗೆ ಹೋಗಲಿಲ್ಲ. ಇವರೆಲ್ಲ ಇಷ್ಟೇ ಅಂತ ಅನ್ನಿಸಿತು.

ಪಾಸ್ಟರ್ ಮನೆಗೆ ಬಂದರು. ಚರ್ಚಿಗೆ ಬನ್ನಿ ಅಂತ ಹೇಳಲಿಲ್ಲ. ಮತ್ತಾಯ 18ರಲ್ಲಿ ಯೇಸು ಹೇಳಿದ್ದನ್ನು ನೆನಪು ಮಾಡಿದರು. ಸಹೋದರ ತಪ್ಪು ಮಾಡಿದರೆ ಮೊದಲು ಅವನ ಹತ್ತಿರ ಹೋಗು, ಇಬ್ಬರೇ ಇರುವಾಗ ಹೇಳು. "ನೀವು ಇದನ್ನು ನನಗೆ ಹೇಳಿದ್ರಿ, ನಿಮ್ಮ ಮನೆಯವರಿಗೆ ಹೇಳಿದ್ರಿ. ಅವರಿಗೆ ಹೇಳಿದ್ರಾ?" ಅಂತ ಕೇಳಿದರು. ಹೇಳಿರಲಿಲ್ಲ.

ಹೋದೆ. ಬಾಗಿಲು ತೆಗೆದವರ ಮುಖ ನೋಡಿದಾಗಲೇ ಅವರಿಗೂ ವಿಷಯ ಗೊತ್ತಿದೆ ಅಂತ ತಿಳಿಯಿತು. ಪ್ರಾರ್ಥನೆ ಮಾಡಲಿ ಅಂತ ಒಬ್ಬರಿಗೆ ಹೇಳಿದ್ದರಂತೆ, ಅವರಿಂದ ಇನ್ನೊಬ್ಬರಿಗೆ ಹೋಗಿತ್ತು. "ತಪ್ಪಾಯ್ತಣ್ಣ. ಏಳು ವಾರದಿಂದ ನಿಮ್ಮ ಮನೆ ಬಾಗಿಲಿಗೆ ಬಂದು ವಾಪಸ್ ಹೋಗ್ತಿದ್ದೀನಿ" ಅಂದರು. ಕ್ಷಮಿಸಿದೆ ಅಂತ ಅವತ್ತು ಬಾಯಲ್ಲಿ ಹೇಳಿದೆ. ಮನಸ್ಸು ಅಷ್ಟು ಬೇಗ ಬರಲಿಲ್ಲ. ಮುಂದಿನ ಕರ್ತನ ಭೋಜನದಲ್ಲಿ, ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವಾಗ, ಅವರು ನನ್ನ ಪಕ್ಕದಲ್ಲೇ ನಿಂತಿದ್ದರು. ಒಂದೇ ರೊಟ್ಟಿಯಿಂದ ಇಬ್ಬರೂ ಮುರಿದು ತಗೊಂಡೆವು. ಕೈ ನಡುಗುತ್ತಿತ್ತು, ನನ್ನದೂ, ಅವರದೂ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸರಿಹೋಯಿತು. ಆದರೂ ಕೂಟದಲ್ಲಿ ಕೆಲವು ವಿಷಯ ಹೇಳುವಾಗ ಇವತ್ತಿಗೂ ಒಂದು ಕ್ಷಣ ಯೋಚಿಸುತ್ತೇನೆ.

ಪೌಲ ಪತ್ರ ಬರೆದ ಗ್ರೀಸಿನ ಕೊರಿಂಥದ ಸಭೆಯಲ್ಲಿ ಪಕ್ಷಗಳಿದ್ದವು, ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುತ್ತಿದ್ದರು, ಕರ್ತನ ಭೋಜನಕ್ಕೆ ಸೇರಿದಾಗಲೂ ಕೆಲವರು ಹಸಿದಿರುತ್ತಿದ್ದರು, ಕೆಲವರು ಕುಡಿದು ಮತ್ತರಾಗಿರುತ್ತಿದ್ದರು. ಪೌಲ ಅದನ್ನೆಲ್ಲ ಗಟ್ಟಿಯಾಗಿ ಖಂಡಿಸುತ್ತಾನೆ. ಆದರೆ ಪತ್ರದ ಮೇಲೆ ವಿಳಾಸ ಬರೆಯುವಾಗ ಅವರನ್ನು 'ದೇವರ ಸಭೆ' ಅಂತಲೇ ಕರೆಯುತ್ತಾನೆ. ನನ್ನ ಸಭೆಯೂ ಅದೇ ವಿಳಾಸದ್ದು.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ನನಗಾದದ್ದು ಇಬ್ಬರು ಕೂತು ಸರಿಮಾಡಿಕೊಳ್ಳಬಹುದಾದ ನೋವು. ಮಕ್ಕಳ ಮೇಲೆ ಕೈ ಮಾಡಿದರೆ, ಹೆಂಗಸರಿಗೆ ಕಿರುಕುಳ ಕೊಟ್ಟರೆ, ಹಣ ನುಂಗಿದರೆ, ಅದು ಆ ಥರದ್ದಲ್ಲ. ಅಲ್ಲಿ 'ಕ್ಷಮಿಸಿಬಿಡಿ, ಸಭೆಯ ಹೆಸರು ಹಾಳಾಗುತ್ತೆ' ಅಂತ ಹೇಳುವುದು ದೊಡ್ಡ ಪಾಪ. ಅದು ಪೊಲೀಸರ ತನಕ ಹೋಗಬೇಕು. ನೊಂದವರು ಆ ಸಭೆ ಬಿಟ್ಟು ಹೋದರೆ ಅವರ ನಂಬಿಕೆಯ ಮೇಲೆ ಯಾರೂ ಬೆರಳು ತೋರಿಸಬಾರದು.

ನನ್ನ ಪ್ರಾರ್ಥನೆಯ ನೋಟ್‌ಬುಕ್ ಬಗ್ಗೆ ಸ್ವಲ್ಪ ಹೇಳುತ್ತೇನೆ. ಯಾರಾದರೂ 'ನನಗೋಸ್ಕರ ಪ್ರಾರ್ಥನೆ ಮಾಡಿ' ಅಂದರೆ 'ಆಯಿತು' ಅಂದು ಮರೆತುಬಿಡುತ್ತಿದ್ದೆ. ಈಗ ಅಲ್ಲೇ ಹೆಸರು, ತಾರೀಕು ಬರೆದುಕೊಳ್ಳುತ್ತೇನೆ. ಒಂದು ವಾರ ಬಿಟ್ಟು ಹೇಗಿದ್ದೀರಿ ಅಂತ ಕೇಳುತ್ತೇನೆ. ಕೇಳಬೇಕು ಅಂತ ಇದ್ದರೆ ಪ್ರಾರ್ಥನೆ ತಪ್ಪುವುದಿಲ್ಲ. ಮೊದಲ ಪುಟದ ಮೊದಲ ಹೆಸರು ಅಜ್ಜಿಯದು.

ಅಜ್ಜಿ ಚರ್ಚಿಗೆ ಬಂದು ಈಗ ಎರಡು ವರ್ಷದ ಮೇಲಾಯಿತು. ಹಾಸಿಗೆ ಬಿಟ್ಟು ಏಳುವುದಿಲ್ಲ. ನೆನಪು ಹೋಗಿದೆ. ತಿಂಗಳಿಗೊಮ್ಮೆ ಪಾಸ್ಟರ್ ಜೊತೆ ಮೇಷ್ಟ್ರೋ ನಾನೋ ಕರ್ತನ ಭೋಜನದ ಪುಟ್ಟ ಪೆಟ್ಟಿಗೆ ತಗೊಂಡು ಅವರ ಮನೆಗೆ ಹೋಗುತ್ತೇವೆ. ಮೊನ್ನೆ ನನ್ನ ಸರದಿ. ನನ್ನ ಮುಖ ನೋಡಿ, "ಯಾರು ಬಂದಿರೋದು?" ಅಂತ ಮಗಳನ್ನು ಕೇಳಿದರು. ಮಗಳು ನನ್ನ ಹೆಸರು ಹೇಳಿದರು. ಅದು ಅವರಿಗೆ ಹೊಸ ಹೆಸರು.

ಪಾಸ್ಟರ್ ಕರ್ತನ ಪ್ರಾರ್ಥನೆ ಶುರು ಮಾಡಿದರು. ಅಜ್ಜಿಯ ತುಟಿ ಆಡಿತು. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂದರು. ಈಗ ಧ್ವನಿ ಗಟ್ಟಿ ಇಲ್ಲ, ಹತ್ತಿರ ಬಗ್ಗಿದರೆ ಮಾತ್ರ ಕೇಳಿಸುತ್ತದೆ. 'ನಿನ್ನ ರಾಜ್ಯವು ಬರಲಿ' ತನಕ ತಪ್ಪಿಲ್ಲದೆ ಬಂತು. ಅಲ್ಲಿ ನಿಂತರು. ಮುಂದಿನ ಸಾಲು ಸಿಗಲಿಲ್ಲ. ಕಣ್ಣು ಆ ಕಡೆ ಈ ಕಡೆ ಹುಡುಕಿತು.

ನಾನು ಅವರ ಕೈ ಹಿಡಿದು, ಕಿವಿಯ ಹತ್ತಿರ ಬಗ್ಗಿ, ಆ ಸಾಲನ್ನು ಹೇಳಿದೆ.